ನನಗೆ ಕಾಣದ ಒಂಟೆಗಳು

ಕಣ್ಣಿಗೆ ಕಾಯಿಲೆ ಬಂದರೆ ಕಣ್ಣು ನೋಯಬೇಕು, ಕೆಂಪಾಗಬೇಕು, ನೀರು ಸುರಿಯಬೇಕು ಎಂದು ನಾನು ತಿಳಿದಿದ್ದೆ. ನನಗೆ ಅಂಥದ್ದೇನೂ ಆಗಲಿಲ್ಲ. ಹಗಲು ಹೊತ್ತು ದೂರದ ಬೋರ್ಡಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದೆ. ಸೂಜಿಗೆ ದಾರ ಪೋಣಿಸಬೇಕಾದರೆ ಹೆಂಡತಿ ನನ್ನ ಕೈಗೇ ಕೊಡುತ್ತಿದ್ದಳು. ಹಾಗಾಗಿ ಚಳಿಗಾಲದ ಮುಂಜಾನೆಗಳಲ್ಲಿ ರಸ್ತೆ ಕಪ್ಪಾಗುತ್ತ ಬಂದಾಗ ನಾನು ಅನುಮಾನಪಟ್ಟದ್ದು ಬಸ್ಸಿನ ಹೆಡ್‌ಲೈಟಿನ ಮೇಲೆ.

ನಾನು ಸಂಜೀವ. ಊರು ಮೂಡಬಿದಿರೆಯ ಹತ್ತಿರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿಯಲ್ಲಿ ಕ್ಲೀನರ್ ಆದೆ, ಅಲ್ಲಿಂದ ಡ್ರೈವರ್ ಆದೆ, ಅಲ್ಲಿಂದ ಕತಾರಿಗೆ ಬಂದೆ. ಇಲ್ಲಿ ಒಂದು ಕಟ್ಟಡ ಕಂಪೆನಿಯ ಬಸ್ಸು ಓಡಿಸುತ್ತಿದ್ದೆ. ಬರ್ವಾ ಅಲ್ ಬರಾಹಾದ ಕ್ಯಾಂಪಿನಿಂದ ಕೆಲಸದವರನ್ನು ಹತ್ತಿಸಿಕೊಂಡು, ಶಹಾನಿಯಾ ದಾಟಿ, ಮರುಭೂಮಿಯ ಒಳಗಿನ ಸೈಟಿಗೆ ಮುಟ್ಟಿಸುವುದು. ಸಂಜೆ ವಾಪಸ್. ಇಷ್ಟು ವರ್ಷಗಳಲ್ಲಿ ನನ್ನ ಬಸ್ಸಿನ ಮೇಲೆ ನನ್ನಿಂದ ಒಂದು ಗೀರು ಬಿದ್ದದ್ದಿಲ್ಲ. ಹೊಸ ಡ್ರೈವರ್ ಬಂದರೆ ಮೊದಲು ನನ್ನ ಪಕ್ಕ ಕೂರಿಸುತ್ತಿದ್ದರು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು, ಈಗಲೂ ಹೌದು.

ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂಟೆಯದ್ದು. ದೊಡ್ಡ ಹೈವೇಗೆ ಬೇಲಿ ಉಂಟು, ಭಯವಿಲ್ಲ. ಒಳರಸ್ತೆಗೆ ಇಳಿದ ಮೇಲೆ ಬೇಲಿ ಇಲ್ಲ, ದೀಪ ಇಲ್ಲ. ಚಳಿಗಾಲದಲ್ಲಿ ಒಂಟೆಯವರು ಹಿಂಡು ಹೊಡೆದುಕೊಂಡು ಅಲ್ಲೆಲ್ಲ ಬೀಡು ಬಿಡುತ್ತಾರೆ. ನಾಯಿಯ ಕಣ್ಣು ಲೈಟಿಗೆ ಹೊಳೆಯುತ್ತದೆ, ಬೆಕ್ಕಿನದ್ದು ಹೊಳೆಯುತ್ತದೆ. ಒಂಟೆಯ ತಲೆ ನಮ್ಮ ಬೆಳಕಿಗಿಂತ ಎಷ್ಟೋ ಮೇಲೆ ಇರುತ್ತದೆ. ಕಾಣುವುದು ಕಾಲು ಮಾತ್ರ, ಅದೂ ಮರಳಿನ ಬಣ್ಣದ್ದೇ ಕಾಲು. ಸಣ್ಣ ಗಾಡಿ ಗುದ್ದಿದರೆ ಕಾಲು ಮುರಿದು, ಅಷ್ಟು ದೊಡ್ಡ ಮೈ ಬಾನೆಟ್ ಹಾರಿ ನೇರ ಗ್ಲಾಸಿನ ಮೇಲೆ, ಡ್ರೈವರನ ಮಡಿಲಿಗೇ ಬೀಳುತ್ತದೆ. ಆದ್ದರಿಂದ ಸ್ಪೀಡು ತಗ್ಗಿಸು, ಹಾರ್ನ್ ಹೊಡೆಯಬೇಡ, ಸ್ಟೇರಿಂಗ್ ತಿರುಗಿಸಿ ತಪ್ಪಿಸಲು ಹೋಗಬೇಡ, ಒಂದು ಕಂಡರೆ ಹಿಂದೆ ಇನ್ನೂ ಉಂಟು ಎಂದು ತಿಳಿದು ನಿಲ್ಲಿಸು. ಇದನ್ನು ನಾನು ಬಾಯಿಪಾಠದ ಹಾಗೆ ಹೇಳುತ್ತಿದ್ದೆ.

ಆ ಚಳಿಗಾಲ ನನಗೆ ಕಾಲೂ ಕಾಣಲಿಲ್ಲ. ಕಾಣುತ್ತಿಲ್ಲ ಎಂಬುದು ತಿಳಿಯಲೂ ಇಲ್ಲ. ರಸ್ತೆಯ ನಡುವಿನ ಬಿಳಿಗೆರೆ ಕಾಣುತ್ತಿತ್ತು, ಮುಂದಿನ ಗಾಡಿಯ ಕೆಂಪು ದೀಪ ಕಾಣುತ್ತಿತ್ತು. ಉಳಿದದ್ದೆಲ್ಲ ಕತ್ತಲು. ಮರುಭೂಮಿ ಎಂದರೆ ಕತ್ತಲೇ ತಾನೆ ಎಂದುಕೊಂಡೆ. ಡ್ರೈವರ್ ಆದವನು ಮೊದಲು ಗಾಡಿಯನ್ನು ಸಂಶಯಿಸುತ್ತಾನೆ. ವರ್ಕ್‌ಶಾಪಿನಲ್ಲಿ ಹೇಳಿ ಬಲ್ಬು ಬದಲಿಸಿದೆ. ಗ್ಲಾಸಿಗೆ ಅಂಟಿದ ಧೂಳು ಎಂದು ಪ್ರತಿ ಟ್ರಿಪ್ಪಿಗೂ ಒರೆಸಿದೆ. ಲೈಟಿನ ಕೋನ ಸರಿ ಮಾಡಿಸಿದೆ. ಮೆಕ್ಯಾನಿಕ್ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿ, ಇದಕ್ಕಿಂತ ಜಾಸ್ತಿ ಬೇಕಾದರೆ ಸೂರ್ಯನನ್ನೇ ಕಟ್ಟಬೇಕು ಎಂದು ಹಿಂದಿಯಲ್ಲಿ ತಮಾಷೆ ಮಾಡಿದ. ನಾನು ನಗಲಿಲ್ಲ. ಅವನಿಗೆ ಕೆಲಸ ಗೊತ್ತಿಲ್ಲ ಎಂದುಕೊಂಡೆ.

ಅದೇ ದಿನಗಳಲ್ಲಿ ಬಸ್ಸಿನಲ್ಲಿ ಒಂದು ಬದಲಾವಣೆ ಆಯಿತು. ನನ್ನ ಬಲಬದಿಯ ಮುಂದಿನ ಸೀಟು ಫೋರ್‌ಮ್ಯಾನನದ್ದು. ಹತ್ತಿದ ಕೂಡಲೇ ನಿದ್ದೆ ಹೋಗುವುದು ಅವನ ಕ್ರಮ. ಒಂದು ದಿನ ನೋಡಿದರೆ ಆ ಜಾಗದಲ್ಲಿ ಅಬ್ಬು ಕೂತಿದ್ದ. ಅಬ್ಬು ಉಪ್ಪಿನಂಗಡಿ ಕಡೆಯ ಬ್ಯಾರಿ, ಸೈಟಿನಲ್ಲಿ ಮೇಸ್ತ್ರಿ, ನನಗಿಂತ ಸ್ವಲ್ಪ ದೊಡ್ಡವನು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಫೋರ್‌ಮ್ಯಾನ್ ಹಿಂದೆ ಹೋದನಲ್ಲ ಎಂದು ಕೇಳಿದರೆ, ಅವನಿಗೆ ಹಿಂದೆ ಕಾಲು ಚಾಚಲು ಆಗುತ್ತದಂತೆ ಎಂದ.

ಅಬ್ಬು ಬಾಯಿ ಮುಚ್ಚುವವನಲ್ಲ. ಅಲ್ಲಿ ಟೆಂಟು ಹಾಕಿದ್ದಾರೆ ನೋಡಿ, ಎಡಬದಿಯಲ್ಲಿ ನಾಲ್ಕೈದು ಒಂಟೆ ನಿಂತಿವೆ ನೋಡಿ, ಇದೊಂದು ರಸ್ತೆಯ ಹತ್ತಿರವೇ ಬಂತಲ್ಲ ಎಂದು ಒಂದೇ ಸಮನೆ ಒದರುತ್ತಿದ್ದ. ನನಗೆ ಕಿರಿಕಿರಿ. ಒಂದೆರಡು ಸಲ ನಾನೇನು ಮೊದಲ ಸಲ ಒಂಟೆ ನೋಡುವವನಾ ಎಂದು ಗದರಿದೆ. ಅವನು ನಕ್ಕು, ಮತ್ತೆ ಶುರು ಮಾಡುತ್ತಿದ್ದ. ಅವನಿಗೆ ಜ್ವರ ಬಂದ ವಾರ ಆ ಸೀಟಿನಲ್ಲಿ ಒಬ್ಬ ನೇಪಾಳಿ ಕೂತ. ಯಾವತ್ತೂ ಮಾತಾಡದ ಮನುಷ್ಯ. ಅವನೂ ಆಗಾಗ ‘ಊಂಟ್, ಭಾಯಿ, ಊಂಟ್’ ಎನ್ನುತ್ತಿದ್ದ. ಆಗಲೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಮುಂಜಾನೆ, ಸೂರ್ಯ ಹುಟ್ಟುವುದಕ್ಕೆ ಇನ್ನೂ ಹೊತ್ತಿರುವಾಗ. ಒಳರಸ್ತೆಯಲ್ಲಿ ಹೋಗುತ್ತಿದ್ದೆ. ಅಬ್ಬು ಹಿಂದಿನವನ ಹತ್ತಿರ ಏನೋ ಕೇಳಲು ತಿರುಗಿದ್ದ. ಮತ್ತೆ ಮುಂದೆ ತಿರುಗಿದವನೇ ಡ್ಯಾಶ್‌ಬೋರ್ಡಿಗೆ ಕೈ ಬಡಿದು ಬ್ರೇಕ್ ಬ್ರೇಕ್ ಎಂದು ಕೂಗಿದ. ನಾನು ಏನೂ ಕಾಣದೇ ಬ್ರೇಕ್ ತುಳಿದೆ. ಹಿಂದೆ ಟಿಫಿನ್ನುಗಳು ಉರುಳಿದವು, ಯಾರೋ ಸೀಟಿಗೆ ಹಣೆ ಬಡಿದುಕೊಂಡರು. ಬಸ್ಸು ನಿಂತಿತು. ಯಾಕೆ ಕೂಗಿದೆ ಎಂದು ಬೈಯಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗ್ಲಾಸಿನ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಒಂದು ದೊಡ್ಡ ಮುಖ ಮೆಲುಕು ಹಾಕುತ್ತ ನಮ್ಮ ಕಡೆ ತಿರುಗಿತು. ಅದರ ಹಿಂದೆ ಇನ್ನೊಂದು. ರಸ್ತೆಯಿಡೀ ಒಂಟೆಗಳೇ ಎಂದು ಆಮೇಲೆ ಹೇಳಿದರು.

ನನ್ನ ಕೈ ಸ್ಟೇರಿಂಗಿನಿಂದ ಬಿಡಿಸಲು ಬರಲಿಲ್ಲ. ಇಷ್ಟು ದೊಡ್ಡ ಪ್ರಾಣಿ ನನಗೆ ಯಾಕೆ ಕಾಣಲಿಲ್ಲ ಎಂದು ಕೇಳಿದೆ. ಯಾರನ್ನು ಕೇಳಿದೆನೋ ಗೊತ್ತಿಲ್ಲ. ಅಬ್ಬು ಮೆಲ್ಲಗೆ ಹ್ಯಾಂಡ್ ಬ್ರೇಕ್ ಎಳೆದ.

‘ಸಂಜೀವಣ್ಣ, ನಿಮಗೆ ಕಾಣುದಿಲ್ಲ ಅಂತ ನಮ್ಗೆ ಗೊತ್ತುಂಟು’ ಎಂದ. ‘ನಿಮಗೇ ಅದು ಗೊತ್ತಿಲ್ಲ ಅಂತ ಮಾತ್ರ ಗೊತ್ತಿರ್ಲಿಲ್ಲ ಮಾರಾಯ್ರೆ.’

ಹಿಂದಿನ ಸೀಟಿನ ತನಕ ಎಲ್ಲರಿಗೂ ವಿಷಯ ಗೊತ್ತಿತ್ತು. ಬಸ್ಸು ಒಂದೆರಡು ಸಲ ಒಂಟೆಗಳ ಪಕ್ಕದಲ್ಲೇ ಸ್ಪೀಡು ತಗ್ಗಿಸದೆ ಹೋದದ್ದನ್ನು ಅವರು ಗಮನಿಸಿದ್ದರು. ಫೋರ್‌ಮ್ಯಾನನನ್ನು ಹಿಂದೆ ಕಳಿಸಿ, ಮುಂದೆ ಕೂರುವವರ ಪಾಳಿ ಮಾಡಿಕೊಂಡಿದ್ದರು. ಡಾಕ್ಟರಿಗೆ ಕಣ್ಣು ತೋರಿಸುತ್ತಿದ್ದಾನೆ, ಕನ್ನಡಕ ಬರುವ ತನಕ ಹೀಗೆ ನಡೆಯಲಿ ಎಂದು ಅವರ ಲೆಕ್ಕ. ಸಂಜೀವಣ್ಣನಿಗೆ ಮುಖದ ಮೇಲೆ ಹೇಳಿದರೆ ಬೇಜಾರಾದೀತು ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಬಸ್ಸನ್ನು ಪೂರ್ತಿ ಬದಿಗೆ ಹಾಕಿ, ಕೀ ತೆಗೆದು, ಕಂಪೆನಿಗೆ ಫೋನ್ ಮಾಡಿ ಬೇರೆ ಡ್ರೈವರನ್ನು ಕಳಿಸಿ ಎಂದೆ. ಎಂಜಿನ್ ಪ್ರಾಬ್ಲಮ್ಮಾ ಎಂದು ಕೇಳಿದರು. ಅಲ್ಲ, ಡ್ರೈವರ್ ಪ್ರಾಬ್ಲಮ್ ಎಂದೆ.

ಬೇರೆ ಡ್ರೈವರ್ ಬರುವ ತನಕ ಎಲ್ಲರೂ ಮರಳಿನಲ್ಲಿ ಇಳಿದು ನಿಂತೆವು. ಚಳಿ ಇತ್ತು. ಯಾರದೋ ಫ್ಲಾಸ್ಕಿನಿಂದ ಚಹಾ ಬಂತು, ಒಂದೇ ಮುಚ್ಚಳದಲ್ಲಿ ಕೈಯಿಂದ ಕೈಗೆ ಹೋಯಿತು. ಹಣೆ ಬಡಿದುಕೊಂಡಿದ್ದ ಹುಡುಗ ನನ್ನ ಹತ್ತಿರ ಬಂದು, ಅದಕ್ಕೆ ನಾನೇ ಕಾರಣನಾದರೂ, ತನ್ನ ಮಫ್ಲರನ್ನು ನನ್ನ ಕುತ್ತಿಗೆಗೆ ಸುತ್ತಿದ. ಬೆಳಗಾಗುತ್ತ ಬಂದಂತೆ ಒಂದೊಂದಾಗಿ ಮುಖಗಳು ಕಾಣತೊಡಗಿದವು. ಅಷ್ಟೂ ಜನ ಅಷ್ಟು ಹೊತ್ತು ನನ್ನ ಸುತ್ತಲೇ ನಿಂತಿದ್ದರು ಎಂದು ಆಗ ಗೊತ್ತಾಯಿತು.

ಕಣ್ಣಾಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಕೂರುವುದು ಬೇರೆಯೇ ಒಂದು ಅನುಭವ. ಎಲ್ಲರ ಕಣ್ಣಿಗೂ ಮದ್ದು ಬಿಟ್ಟಿರುತ್ತಾರೆ, ಎಲ್ಲರೂ ಮುಖ ಮೇಲೆ ಮಾಡಿ ಕೂತಿರುತ್ತಾರೆ, ಯಾರಿಗೂ ಮೊಬೈಲ್ ನೋಡಲು ಬರುವುದಿಲ್ಲ. ಹಾಗಾಗಿ ಜನ ಮಾತಾಡುತ್ತಾರೆ. ನನ್ನ ಪಕ್ಕ ಕೂತ ಮುದುಕ ಅರಬಿ, ನನ್ನ ಕೆಲಸ ಕೇಳಿ, ತನಗೆ ಒಂಟೆಗಳಿವೆ ಎಂದ. ಒಂದಕ್ಕೆ ನಾನು ಗುದ್ದಲಿಕ್ಕಿದ್ದೆ ಎಂದು ಹೇಳಲಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಜೇಬಿನಿಂದ ಒಂದು ಖರ್ಜೂರ ತೆಗೆದು ನನ್ನ ಕೈ ಹುಡುಕಿ ಇಟ್ಟ.

ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ, ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಇಟ್ಟು ಕೂರಿಸಿದರು. ಕೈಗೆ ಒಂದು ಬಟನ್ ಕೊಟ್ಟರು. ನೇರ ನೋಡುತ್ತಿರಬೇಕು, ಎಲ್ಲಿ ಬೆಳಕಿನ ಚುಕ್ಕೆ ಕಂಡರೂ ಬಟನ್ ಒತ್ತಬೇಕು. ನಡುವೆ ಕೆಲವು ಚುಕ್ಕೆ ಬಂದವು, ಒತ್ತಿದೆ. ಮತ್ತೆ ಏನೂ ಇಲ್ಲ. ಯಂತ್ರ ಕೆಟ್ಟಿತೋ ಏನೋ, ಅವರೇ ಸರಿ ಮಾಡಲಿ ಎಂದು ಶಿಸ್ತಾಗಿ ಕಾದೆ. ಸ್ವಲ್ಪ ಹೊತ್ತಾದ ಮೇಲೆ ಮಲಯಾಳಿ ಸಿಸ್ಟರ್ ಬಂದು ಲೈಟು ಹಾಕಿ, ಮುಗಿಯಿತು ಚೇಟ್ಟಾ ಎಂದಳು. ಮತ್ತೆ ಶುರುವೇ ಆಗಲಿಲ್ಲವಲ್ಲ ಎಂದು ನಾನು ಕೇಳಿದೆ. ಅವಳು, ನಾನು ಎದ್ದೇಳುವಾಗ ಸ್ಟೂಲು ತಾಗದ ಹಾಗೆ ಅದನ್ನು ಕಾಲಿನಿಂದ ಆಚೆ ಸರಿಸಿದಳು, ನನ್ನ ಮೊಣಕೈ ಹಿಡಿದುಕೊಂಡಳು. ಅಷ್ಟರಲ್ಲೇ ನನಗೆ ರಿಸಲ್ಟ್ ತಿಳಿಯಿತು.

ಡಾಕ್ಟರು ಸುಡಾನಿನವರು, ತಾಳ್ಮೆಯ ಮನುಷ್ಯ. ಅಪ್ಪ ಅಮ್ಮ ಸಂಬಂಧಿಕರೇ ಎಂದು ಕೇಳಿದರು. ಅಮ್ಮ ಅಪ್ಪನ ಸೋದರಮಾವನ ಮಗಳು, ನಮ್ಮಲ್ಲಿ ಅದು ಒಳ್ಳೆಯ ಸಂಬಂಧ ಎಂದೇ ಲೆಕ್ಕ ಎಂದೆ. ಅವರು ತಲೆ ಆಡಿಸಿದರು. ಇದು ಹುಟ್ಟುವಾಗಲೇ ಕಣ್ಣಿನ ಪರದೆಯಲ್ಲಿ ಬಂದದ್ದು, ಬದಿಯಿಂದ ನಿಧಾನಕ್ಕೆ ಮುಚ್ಚುತ್ತ ಬರುತ್ತದೆ, ನೀನೀಗ ಒಂದು ಪೈಪಿನೊಳಗಿಂದ ಲೋಕ ನೋಡುತ್ತಿದ್ದೀಯ ಎಂದರು. ಮದ್ದಿನಿಂದ ಹೋದದ್ದು ವಾಪಸ್ ಬರುವುದಿಲ್ಲ. ನಡುವಿನ ದೃಷ್ಟಿ ತುಂಬ ವರ್ಷ ಉಳಿಯಬಹುದು. ಬಸ್ಸು ಎಂದೆ, ಮಾಫಿ, ಅದು ಇನ್ನಿಲ್ಲ ಎಂದರು. ಹಗಲಲ್ಲಿ ನನ್ನದೇ ಸಣ್ಣ ಕಾರು ಎಂದೆ. ಅದಕ್ಕೂ ಕೈ ಅಡ್ಡ ಆಡಿಸಿದರು. ಮಗು ಬದಿಯಿಂದ ಓಡಿ ಬಂದರೆ ನಿನಗೆ ಕಾಣುವುದಿಲ್ಲ ಎಂದರು. ನನ್ನ ಮುಖ ಹೇಗಿತ್ತೋ, ಅವರು ಪೆನ್ನು ಕೆಳಗಿಟ್ಟು ಗಲ್ಫಿನ ಭಾಷೆಯಲ್ಲಿ ಹೇಳಿದರು: ‘ಡ್ರೈವಿಂಗ್ ಖಲಾಸ್, ಸಂಜೀವ. ಲೈಫ್ ನಾಟ್ ಖಲಾಸ್.’

ಮನೆ ನಮಗೆ ಐನ್ ಖಾಲಿದಿನಲ್ಲಿ, ಒಂದು ವಿಲ್ಲಾದ ಹಿಂಬದಿಯ ಎರಡು ಕೋಣೆ. ಹೆಂಡತಿ ವಾರಿಜ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಮಾಡುತ್ತಾಳೆ. ಮಗಳು ನಿಧಿ ಅದೇ ಶಾಲೆಯಲ್ಲಿ ಓದುತ್ತಾಳೆ. ನಾನು ಎಲ್ಲ ಹೇಳಿದೆ. ವಾರಿಜ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಬಾಗಿಲು ಹಾಕಿ, ಕರ್ಟನ್ ಎಳೆದು, ಲೈಟು ಆಫ್ ಮಾಡಿದಳು. ಹೊರಗೆ ಬೀದಿ ದೀಪ ಇತ್ತು, ಕರ್ಟನ್ ತೆಳ್ಳಗಿತ್ತು.

‘ಈಗ ಎಂತ ಕಾಣ್ತದೆ?’ ಎಂದು ಕೇಳಿದಳು.

‘ಎಂತದೂ ಇಲ್ಲ.’

‘ನಾನು?’

‘ಇಲ್ಲ ಮಾರಾಯ್ತಿ.’

‘ನನಗೆ ನೀವು ಕಾಣ್ತೀರಿ’ ಎಂದಳು. ‘ಅಂಗಿಯ ಗುಂಡಿ ಸಹ ಕಾಣ್ತದೆ.’ ಮತ್ತೆ ಅವಳು ಲೈಟು ಹಾಕಲಿಲ್ಲ. ನಾವು ಹಾಗೇ ಕೂತೆವು. ನನ್ನ ಕತ್ತಲು ಮತ್ತು ಅವಳ ಕತ್ತಲು ಬೇರೆ ಬೇರೆ ಎಂದು ಅವಳಿಗೆ ತಿಳಿದದ್ದು ಅವತ್ತು. ನನಗೂ ಅವತ್ತೇ. ಅಷ್ಟು ವರ್ಷ ಎಲ್ಲರಿಗೂ ಕತ್ತಲೆಂದರೆ ಇಷ್ಟೇ ಕಪ್ಪು ಎಂದು ನಾನು ನಂಬಿದ್ದೆ. ನಿಧಿಯ ಕಣ್ಣನ್ನೂ ತೋರಿಸಿದೆವು. ಅವಳದ್ದು ಸರಿ ಉಂಟು. ಆ ಸುದ್ದಿ ಬಂದ ದಿನ ನಾನು ಒಬ್ಬನೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಕಂಪೆನಿಯವರು ನನ್ನನ್ನು ಮನೆಗೆ ಕಳಿಸಲಿಲ್ಲ. ಹಗಲು ವರ್ಕ್‌ಶಾಪಿನಲ್ಲಿ ಬಸ್ಸುಗಳನ್ನು ಪರೀಕ್ಷಿಸುವ ಕೆಲಸ ಕೊಟ್ಟರು. ಎಂಜಿನ್ನಿನ ಶಬ್ದ ಕೇಳಿ ರೋಗ ಹೇಳುವುದಕ್ಕೆ ಬದಿಗಣ್ಣು ಬೇಡವಲ್ಲ. ಕೆಲಸ ಉಳಿಯಿತು. ಆದರೆ ಬೆಳಿಗ್ಗೆ ಬೇರೆಯವರ ಗಾಡಿ ಹತ್ತಿ, ಹಿಂದೆ ಕೂತು ಹೋಗುವಾಗ ನಾನು ಬಹಳ ಸಣ್ಣವನಾಗುತ್ತಿದ್ದೆ. ಸಂಜೆ ಕಾರ್ಪೂಲಿನವರು ಇಳಿಸಿದ ಜಾಗದಿಂದ ಮನೆಯ ತನಕ ಗೋಡೆ ಸವರಿಕೊಂಡು ನಡೆಯುತ್ತಿದ್ದೆ. ಫುಟ್‌ಪಾತಿನ ಅಂಚಿಗೆ ಎಡವಿ ಬಿದ್ದರೆ ನೋಡಿದವರು ಕುಡಿದಿದ್ದಾನೆ ಎಂದುಕೊಳ್ಳುತ್ತಿದ್ದರು. ಮನೆಯ ಮುಂದೆ ನನ್ನ ಹಳೆಯ ಬಿಳಿ ಕಾರು ಧೂಳು ತಿನ್ನುತ್ತ ನಿಂತಿತ್ತು. ಅದನ್ನು ಮಾರಲೂ ಮನಸ್ಸಿಲ್ಲ, ಯಾರಿಗೂ ಓಡಿಸಲು ಕೊಡಲೂ ಮನಸ್ಸಿಲ್ಲ.

ಈ ಕಾಯಿಲೆ ಇರುವವರಿಗೆ ನಾನು ಹೇಳಬಹುದಾದದ್ದು ಸ್ವಲ್ಪವೇ. ಸಂಜೆ ಆದ ಮೇಲೆ ಮೆಟ್ಟಿಲು ಇಳಿಯಲು ಹೆದರಿಕೆ ಆಗುತ್ತಿದ್ದರೆ, ಮದುವೆ ಹಾಲಿನಲ್ಲಿ ಜನ ಬದಿಯಿಂದ ಕೈ ಚಾಚಿದ್ದು ಕಾಣದೆ ಸೊಕ್ಕಿನವನು ಅನ್ನಿಸಿಕೊಂಡಿದ್ದರೆ, ಬಲ್ಬನ್ನು ಬೈಯಬೇಡಿ, ಕಣ್ಣು ತೋರಿಸಿ. ಮತ್ತೆ, ಕೈ ಹಿಡಿಯಲು ಬಂದವರಿಗೆ ಕೈ ಕೊಡಿ. ಮೊದಲನೆಯದು ಸುಲಭ. ಎರಡನೆಯದಕ್ಕೆ ನನಗೆ ಇನ್ನೊಂದು ಚಳಿಗಾಲ ಬೇಕಾಯಿತು.

ಬೇಸಿಗೆಯಲ್ಲಿ ವಾರಿಜ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ನನ್ನನ್ನು ಕೇಳಲಿಲ್ಲ, ಹೇಳಿದಳು ಅಷ್ಟೆ. ನಿಧಿ ‘ಪಪ್ಪ, ಅಮ್ಮ ಡ್ರೈವ್ ಮಾಡಿದ್ರೆ ನೀವು ಸೈಡಲ್ಲಿ ಸಿಟ್ ಮಾಡಿ ಶೌಟ್ ಮಾಡ್ಲಿಕ್ಕಿಲ್ಲ, ಆಯ್ತಾ’ ಎಂದು ಮೊದಲೇ ತಾಕೀತು ಮಾಡಿದಳು. ಮೊದಲ ಟೆಸ್ಟಿನಲ್ಲಿ ವಾರಿಜ ಫೇಲಾದಳು. ಮನೆಗೆ ಬಂದು ಸಿಟ್ಟಿನಲ್ಲಿ ಪಾತ್ರೆ ತೊಳೆದಳು. ನಾನು ಖುಷಿಪಟ್ಟೆ ಎಂದು ಅವಳಿಗೆ ಅನುಮಾನ. ಪೂರ್ತಿ ಸುಳ್ಳೂ ಅಲ್ಲ. ಮುಂದಿನ ಸಲ ಪಾಸಾದಳು. ಬಿಳಿ ಕಾರಿನ ಕೀ ಗೋಡೆಯ ಮೊಳೆಯಲ್ಲಿತ್ತು. ತಾನಾಗಿ ತೆಗೆದುಕೊಳ್ಳಲಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲಿ ಕಲಿತವಳು ನನ್ನ ಗೇರು ಗಾಡಿಯನ್ನು ಏನು ಮಾಡಿಯಾಳು ಎಂದು ನಾನೂ ಸುಮ್ಮನಿದ್ದೆ.

ಚಳಿಗಾಲ ಬಂತು. ಅಬ್ಬು ಕೆಲಸ ಮುಗಿಸಿ ಪೂರ್ತಿಯಾಗಿ ಊರಿಗೆ ಹೊರಟ. ಸೈಟಿನ ಹತ್ತಿರದ ಒಂದು ತೋಟದಲ್ಲಿ ಅವನ ಪರಿಚಯದವರು ಅಡುಗೆಯ ಏರ್ಪಾಟು ಮಾಡಿದ್ದರು, ಸಂಜೆ ಎಲ್ಲರೂ ಸೇರುವುದು ಎಂದಾಯಿತು. ನಾನು ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದೆ. ವಾಪಸ್ ಬರುವಾಗ ಕತ್ತಲಾಗುತ್ತದೆ, ಇನ್ನೊಬ್ಬರಿಗೆ ತೊಂದರೆ ಎಂದೆ. ವಾರಿಜ ಕೈಯಿಂದ ಫೋನ್ ತೆಗೆದುಕೊಂಡು, ನಾವು ಬರುತ್ತೇವೆ ಅಬ್ಬುಚ್ಚ ಎಂದಳು. ಆಮೇಲೆ ನನ್ನ ಮುಂದೆ ನಿಂತು ಅಂಗೈ ಚಾಚಿದಳು. ನಾನು ಮೊಳೆಯಿಂದ ಕೀ ತೆಗೆದು ಅದರಲ್ಲಿ ಇಟ್ಟೆ. ಗೇರು ಗಾಡಿ ಓಡಿಸುವುದನ್ನು ನನಗೆ ತಿಳಿಯದ ಹಾಗೆ ಅವಳು ಯಾರ ಹತ್ತಿರವೋ ಕಲಿತಾಗಿತ್ತು.

ಊಟ ಚೆನ್ನಾಗಿತ್ತು, ತುಪ್ಪದ ಅನ್ನ, ಕೋಳಿ ಸುಕ್ಕ. ಅಬ್ಬು ನನ್ನ ತಟ್ಟೆಯಲ್ಲಿ ಎಲ್ಲಿ ಏನಿದೆ ಎಂದು ಹೇಳಲು ಶುರು ಮಾಡಿದ. ನನಗೆ ಬಾಯಿ ಇರುವ ಜಾಗ ಗೊತ್ತುಂಟು ಎಂದೆ. ಎಲ್ಲರೂ ನಕ್ಕರು. ಹೊರಡುವಾಗ ಅವನು ನನ್ನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಮತ್ತೆ ವಾರಿಜಳ ಕಡೆ ತಿರುಗಿ, ‘ಅಕ್ಕ, ಇವರು ಎಂತ ಹೇಳಿದ್ರೂ ನೀವು ನಿಮ್ಮ ಕಣ್ಣನ್ನೇ ನಂಬಿ’ ಎಂದ.

ಒಳರಸ್ತೆ. ನಿಧಿ ಹಿಂದೆ ನಿದ್ದೆ ಹೋಗಿದ್ದಳು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿದು ತುಳಿದು ನೋಯುತ್ತಿತ್ತು. ನಾನು ಹೊಸ ಡ್ರೈವರುಗಳಿಗೆ ಹೇಳಿದ್ದನ್ನೆಲ್ಲ ಹೇಳಿದೆ. ಕಣ್ಣು ಹುಡುಕಬೇಡ, ಕಾಲು ಹುಡುಕು. ಬೆಳಕು ಮುಟ್ಟುವ ದೂರದೊಳಗೆ ನಿಲ್ಲಿಸಲು ಆಗುವಷ್ಟೇ ಸ್ಪೀಡು. ಅವಳು ಹೂಂ ಹೂಂ ಎಂದಳು, ಒಂದು ಹಂತದಲ್ಲಿ ಹೂಂ ಎನ್ನುವುದನ್ನೂ ಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ಗಾಡಿ ಎಳೆದ ಹಾಗಾಗದೆ, ನೀರು ನಿಂತ ಹಾಗೆ ನಿಂತಿತು. ಹಿಂದಿನವರಿಗೆ ತಿಳಿಯಲೆಂದು ಹಜಾರ್ಡ್ ಲೈಟು ಹಾಕಿದಳು, ಅದರ ಟಿಕ್ ಟಿಕ್ ಕೇಳಿತು. ಒಂಟೆ ಎಂದಳು.

ನನಗೆ ಕಂಡದ್ದು ಡಾಂಬರಿನ ಮೇಲೆ ಬೆಳಕಿನ ಒಂದು ತುಂಡು, ಅದರೊಳಗೆ ಏನೋ ಕಂಬದಂಥದ್ದು ಆಡಿ ಹೋದದ್ದು. ನಾನು ಕಿಟಕಿ ಇಳಿಸಿದೆ. ಮೆತ್ತಗಿನ ಹೆಜ್ಜೆಗಳು, ಗಂಟಲಿನ ಒಂದು ಗೊರಗೊರ, ಆ ವಾಸನೆ. ಶಬ್ದ ಆಚೆ ಬದಿಗೆ ಹೋಗಿ ಮುಗಿಯಿತು. ಎಲ್ಲ ದಾಟಿದವು, ಹೋಗುವ ಎಂದೆ.

‘ಇಲ್ಲ’ ಎಂದಳು ವಾರಿಜ. ‘ಒಂದು ಮರಿ ಉಂಟು. ಈಚೆ ನಿಂತು ಯೋಚನೆ ಮಾಡ್ತಾ ಉಂಟು.’

ಆ ಕತ್ತಲಲ್ಲಿ ನನಗೆ ಮರಿಯೂ ಇಲ್ಲ, ತಾಯಿಯೂ ಇಲ್ಲ, ರಸ್ತೆಯ ಅಂಚೂ ಇಲ್ಲ. ಅವಳು ಕಾದಳು, ನಾನೂ ಕಾದೆ. ಮರಿ ಯಾವಾಗ ದಾಟಿತೋ ನನಗೆ ಕೇಳಿಸಲೂ ಇಲ್ಲ, ಅಷ್ಟು ಹಗುರದ ಹೆಜ್ಜೆ. ಗೇರು ಬಿದ್ದಾಗ ದಾಟಿತು ಎಂದು ತಿಳಿಯಿತು. ಆಮೇಲೆ ಅವಳಿಗೆ ನಾನು ಪಾಠ ಹೇಳುವುದನ್ನು ಬಿಟ್ಟೆ. ಹೈವೇ ಸಿಗುವ ಮೊದಲೇ ನನಗೆ ನಿದ್ದೆ ಬಂದಿರಬೇಕು. ಅಲ್ಲಿಯ ತನಕ ಬೇರೆಯವರು ಓಡಿಸುವ ಗಾಡಿಯಲ್ಲಿ ನಾನು ಕಣ್ಣು ಮುಚ್ಚಿದವನಲ್ಲ.

ಎಚ್ಚರವಾದಾಗ ನಿಧಿ ನನ್ನ ಬದಿಯ ಬಾಗಿಲು ತೆರೆದು, ಮನೆ ಬಂತು ಪಪ್ಪ ಎನ್ನುತ್ತಿದ್ದಳು. ವಾರಿಜ ಸ್ಟೇರಿಂಗಿನ ಮೇಲೆ ಕೈ ಇಟ್ಟು ಹಾಗೇ ಕೂತಿದ್ದಳು. ಈಗಷ್ಟೇ ಬಂದದ್ದಾ ಎಂದು ಕೇಳಿದೆ. ಹೌದು, ಈಗಷ್ಟೇ ಎಂದಳು. ನಾನು ಇಳಿದು, ಗೇಟಿನ ಕಡೆ ಹೋಗಲು ಕಾರನ್ನು ಸವರಿಕೊಂಡು ಮುಂದಿನಿಂದ ಸುತ್ತಿ ಬಂದೆ. ಕೈ ಬಾನೆಟ್ಟಿನ ಮೇಲೆ ಹೋಯಿತು. ಅದು ಪೂರ್ತಿ ತಣ್ಣಗಾಗಿತ್ತು.